ಮಂಗಟ್ಟೆ ನೋಡಲು ಕೂಡಿಟ್ಟ ರೊಕ್ಕ

ನಮ್ಮ ಬಯಲುಸೀಮೆಯ ಕಡೆ ಹೆಂಗಸರು ಮೂರು ದಿನ ಮನೆ ಬಿಟ್ಟು ಹೋಗಬೇಕಾದರೆ ಒಂದು ದೇವರ ಹೆಸರಾದರೂ ಬೇಕು, ಒಂದು ಮದುವೆಯ ಕರೆಯಾದರೂ ಬೇಕು. ಸುಮ್ಮನೆ ಕಣ್ಣುತುಂಬ ಏನನ್ನಾದರೂ ನೋಡಿ ಬರೋಣವೆಂದು ಹೊರಟರೆ ‘ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ?’ ಎಂಬ ಮಾತು ಬಂದೇ ಬರುತ್ತದೆ. ಅಂಥದರಲ್ಲಿ ರಾಣೆಬೆನ್ನೂರಿನ ಒಂದೇ ಓಣಿಯ ನಾವು ಆರು ಜನ ಗೃಹಿಣಿಯರು, ಅದೂ ಹಕ್ಕಿ ನೋಡಲು, ದಾಂಡೇಲಿಯ ಕಾಡಿಗೆ ಹೋಗಿ ಬಂದೆವೆಂದರೆ ಸೋದರಿಯರಿಗೆ ಆಶ್ಚರ್ಯವಾಗಬಹುದು. ಹೋದದ್ದು 2024ರ ಮಾರ್ಚ್ ಮೊದಲ ವಾರ. ಹೇಗೆ ಹೋದಿರಿ, ರೊಕ್ಕ ಹೇಗೆ ಹೊಂದಿಸಿದಿರಿ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆಲ್ಲ ಒಂದೇ ಸಲ ಉತ್ತರ ಹೇಳಿದಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆಸೆ ಹುಟ್ಟಿದ್ದು ಮಗಳ ಭೂಗೋಳದ ಪುಸ್ತಕದಿಂದ. ಉಷ್ಣವಲಯದ ಕಾಡುಗಳೆಂದರೆ ಬ್ರೆಜಿಲ್, ಕಾಂಗೋ ಎಂದು ಅವಳು ಬಾಯಿಪಾಠ ಮಾಡುತ್ತಿದ್ದಳು. ಭೂಪಟ ಬಿಡಿಸಿ ನೋಡಿದರೆ ಕರ್ಕಾಟಕ ಸಂಕ್ರಾಂತಿ ವೃತ್ತ ನಮಗಿಂತ ಎಷ್ಟೋ ಮೇಲೆ, ಗುಜರಾತ, ಮಧ್ಯಪ್ರದೇಶಗಳಲ್ಲಿ ಹಾದುಹೋಗಿದೆ. ಅಂದರೆ ಇಡೀ ಕರ್ನಾಟಕವೇ ಉಷ್ಣವಲಯದಲ್ಲಿದೆ! ನಮ್ಮೂರಿನ ಹತ್ತಿರವೇ 1974ರಲ್ಲಿ ಆದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಆದರೆ ಅದು ಕುರುಚಲು ಕಾಡು. ಮಳೆ ಚೆನ್ನಾಗಿ ಬೀಳುವ ದಟ್ಟ ಕಾಡನ್ನು ಬಸ್ಸಿನ ಕಿಟಕಿಯಿಂದ ಬಿಟ್ಟರೆ ನಾವ್ಯಾರೂ ನೋಡಿರಲಿಲ್ಲ. ಅಂಥ ಕಾಡು ಅರ್ಧ ದಿನದ ಬಸ್ ಹಾದಿಯಲ್ಲಿದೆ. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ಎರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು.

ಆರು ಜನರಲ್ಲಿ ನನ್ನ ನಾದಿನಿಯೂ ಒಬ್ಬಳು. ಆಕೆಯ ಯಜಮಾನರು ತೀರಿಕೊಂಡು ವರ್ಷ ದಾಟಿತ್ತು. ತವರಿಗೆ ಬಂದವಳು ಅಂಗಳ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ರೊಕ್ಕದ ವ್ಯವಹಾರವೆಲ್ಲ ಆ ಪುಣ್ಯಾತ್ಮರೇ ನೋಡುತ್ತಿದ್ದರು. ಬ್ಯಾಂಕಿನಿಂದ ಬಂದ ಕಾಗದಗಳನ್ನು ಒಡೆದು ನೋಡದೆ ಟ್ರಂಕಿನಲ್ಲಿ ಇಟ್ಟಿದ್ದಳು. ಆಕೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ಅತ್ತೆಯವರು ಗದರಿದರು.

‘ವರ್ಷಾಂತಕ ಮುಗದು ನಾಲ್ಕು ತಿಂಗಳಾಗಿಲ್ಲ. ಆಗಲೇ ಕಾಡು ನೋಡಾಕ ಹೋದ್ಲು ಅಂತ ಮಂದಿ ಏನಂದಾರು? ನಾವು ಉಳವಿ ಜಾತ್ರಿಗೆ ಚಕ್ಕಡಿ ಕಟ್ಟಿಕೊಂಡು ಅದೇ ಕಾಡಿನಾಗ ಹೋಗ್ತಿದ್ವಿ. ಕಾಡು ನೋಡಾಕ ಯಾರಿಗೂ ರೊಕ್ಕ ಕೊಟ್ಟಿಲ್ಲ.’

ಅತ್ತೆಯವರ ಮಾತಿನಲ್ಲೇ ನನಗೆ ದಾರಿ ಸಿಕ್ಕಿತು. ಉಳವಿ ಚನ್ನಬಸವಣ್ಣನ ಸನ್ನಿಧಿ ಇರುವುದು ಆ ಕಾಡಿನ ನಡುವೆಯೇ. ‘ಬರುವಾಗ ಉಳವಿಗೂ ಹೋಗಿ ಕಾಯಿ ಒಡೆಸಿಕೊಂಡು ಬರ್ತೀವ್ರಿ ಅತ್ತಿ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಿದ್ರ ಹೋಗಿ ಬರ್ರಿ’ ಎಂದರು. ದೇವರ ಹೆಸರು ಹೀಗೂ ಉಪಕಾರಕ್ಕೆ ಬರುತ್ತದೆ.

ಇನ್ನು ರೊಕ್ಕದ ವಿಷಯ. ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಆರು ತಿಂಗಳು, ಒಬ್ಬೊಬ್ಬರು ತಿಂಗಳಿಗೆ 600 ರೂಪಾಯಿ ಎತ್ತಿಟ್ಟೆವು. ಒಬ್ಬಾಕೆ ಖಡಕ್ ರೊಟ್ಟಿ ಮಾರಿ, ಇನ್ನೊಬ್ಬಾಕೆ ರವಿಕೆ ಹೊಲಿದು, ನಾನು ಹಾಲಿನ ಲೆಕ್ಕದಲ್ಲಿ ಉಳಿಸಿ, ಅಂತೂ 21,600 ರೂಪಾಯಿ ಕೂಡಿತು. ಅದನ್ನು ಐದು ಲಕೋಟೆಗಳಲ್ಲಿ ಹಾಕಿದೆವು. ಪ್ರಯಾಣಕ್ಕೆ 2,000, ರೂಮಿಗೆ 6,000, ಊಟ ತಿಂಡಿಗೆ 3,600, ಸಫಾರಿ ಮತ್ತು ಮಾರ್ಗದರ್ಶಕರಿಗೆ 7,500, ಆಪತ್ತಿಗೆ 2,500.

ಈ ಪಟ್ಟಿ ನೋಡಿ ನಮ್ಮ ಮನೆಯವರು ನಕ್ಕರು. ‘ಕಾಡು ತೋರಿಸುವವನಿಗೆ ರೂಮಿಗಿಂತ ಹೆಚ್ಚು ರೊಕ್ಕವೇ? ನಿಮಗೆ ಕಣ್ಣಿಲ್ಲವೇ? ಅದನ್ನು ಉಳಿಸಿ ಒಳ್ಳೆಯ ರೆಸಾರ್ಟಿನಲ್ಲಿ ಇರಿ’ ಎಂದರು. ಆರೂ ಜನ ಕೂತು ಯೋಚಿಸಿದೆವು. ರೂಮಿನಲ್ಲಿ ಇರುವುದು ರಾತ್ರಿ ಎಂಟು ತಾಸು, ಅದೂ ಕಣ್ಣು ಮುಚ್ಚಿಕೊಂಡು. ಹೋಗುವುದು ನೋಡಲಿಕ್ಕೆ. ಹಾಗಿದ್ದ ಮೇಲೆ ಉಳಿತಾಯ ಮಾಡಬೇಕಾದದ್ದು ಹಾಸಿಗೆಯಲ್ಲಿಯೋ ನೋಟದಲ್ಲಿಯೋ? ಕೊನೆಗೆ ಶುಚಿಯಾದ ಎರಡು ಸಾದಾ ರೂಮು ಸಾಕೆಂದು ತೀರ್ಮಾನಿಸಿದೆವು. ಪ್ರಯಾಣದ ಲಕೋಟೆ ತೆಳ್ಳಗಿದ್ದದ್ದಕ್ಕೂ ಕಾರಣವಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸಾದಾ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೀಟಿನ ಖರ್ಚಿರಲಿಲ್ಲ. ಆಧಾರ್ ಚೀಟಿ ತೋರಿಸಿ ಹುಬ್ಬಳ್ಳಿ, ಹಳಿಯಾಳದ ಮೇಲೆ ದಾಂಡೇಲಿ ತಲುಪಿದೆವು. ಲಕೋಟೆಯ ರೊಕ್ಕ ಆಟೋಗಳಿಗಷ್ಟೇ.

ಫೋನಿನಲ್ಲಿ ವಿಚಾರಿಸುವಾಗ ಒಂದು ಎಚ್ಚರ ಬೇಕು. ‘ಸಫಾರಿಗೆ ಇಷ್ಟು’ ಎಂದರೆ ಅದರಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಬೇಕು. ಕಾಡಿನ ಪ್ರವೇಶ ಶುಲ್ಕ, ಜೀಪಿನ ಬಾಡಿಗೆ, ಮಾರ್ಗದರ್ಶಕರ ಭತ್ಯೆ, ಕ್ಯಾಮೆರಾದ ಶುಲ್ಕ ಇವು ಬೇರೆ ಬೇರೆ ಇರಬಹುದು. ನಾವು ವಿಚಾರಿಸಿದ ಒಂದು ಕಡೆ ಮೊದಲು ಹೇಳಿದ್ದು ಬರೀ ಜೀಪಿನ ಬಾಡಿಗೆ. ಉಳಿದದ್ದು ಒಂದೊಂದಾಗಿ ಕೇಳಿದ ಮೇಲೆ ಹೊರಬಂತು. ಜೀಪು ತುಂಬುವಷ್ಟು ಜನ ಸೇರಿದರೆ ತಲಾ ಖರ್ಚು ಇಳಿಯುತ್ತದೆ, ಆರು ಜನ ಹೋಗಿದ್ದರ ಲಾಭ ಅದೇ. ಹೊರಡುವ ಹಿಂದಿನ ವಾರ ಅರಣ್ಯ ಇಲಾಖೆಯವರಲ್ಲಿ ಸಫಾರಿ ನಡೆದಿದೆಯೇ ಎಂದು ಕೇಳುವುದಂತೂ ಕಡ್ಡಾಯ. 2025ರ ನವೆಂಬರಿನಲ್ಲಿ ಜನರ ಮೇಲೆ ಹುಲಿ ದಾಳಿಗಳಾದಾಗ ಬಂಡೀಪುರ, ನಾಗರಹೊಳೆಗಳಲ್ಲಿ ಸರ್ಕಾರ ಸಫಾರಿಯನ್ನೇ ನಿಲ್ಲಿಸಿತು. ಮುಂಗಡ ಕೊಡುವ ಮೊದಲೇ ‘ಸಫಾರಿ ನಿಂತರೆ ರೊಕ್ಕ ವಾಪಸ್ ಬರುತ್ತದೆಯೇ?’ ಎಂದು ಕೇಳಿಟ್ಟುಕೊಳ್ಳುವುದು ಜಾಣತನ.

ಉಡುಪಿನ ವಿಚಾರವೂ ಹೇಳಬೇಕಲ್ಲ! ಹಸಿರು, ಕಂದು, ಬೂದಿ ಬಣ್ಣದ ಹತ್ತಿ ಬಟ್ಟೆ, ತುಂಬು ತೋಳು, ಕಾಲುಚೀಲ. ಬೇಸಗೆಯ ಕಾಡಿನಲ್ಲಿ ಉಣ್ಣಿಗಳಿರುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ. ಆದ್ದರಿಂದ ತರಗೆಲೆಯ ಮೇಲೆ ಕೂಡಬಾರದು, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಬೇಕು. ಮಳೆಗಾಲದಲ್ಲಾದರೆ ಇಂಬಳಗಳ ಕಾಟ. ಗಾಜಿನ ಬಳೆ ಸದ್ದು ಮಾಡದಂತೆ ನಾವು ಕರವಸ್ತ್ರ ಸುತ್ತಿಕೊಂಡೆವು. ಕಾಲುಗೆಜ್ಜೆ, ಅತ್ತರು ಎರಡೂ ಊರಲ್ಲೇ ಉಳಿದವು.

ಮಾರ್ಗದರ್ಶಕನಿಗೆ ಕೊಟ್ಟ ರೊಕ್ಕ ಸಾರ್ಥಕವಾಯಿತೇ ಎಂದರೆ, ಮೊದಲ ಅರ್ಧ ತಾಸಿನಲ್ಲೇ ಆಯಿತು ಎನ್ನಬೇಕು. ದಟ್ಟ ಕಾಡಿನಲ್ಲಿ ನಮ್ಮ ಕಣ್ಣು ಓಡುವುದು ಇಪ್ಪತ್ತು ಮಾರು. ಅದರಾಚೆ ಎಲ್ಲವೂ ಎಲೆ. ಬಯಲಿನಲ್ಲಿ ದೂರದ ಜಿಂಕೆಯನ್ನು ನೋಡಿ ಅಭ್ಯಾಸವಿದ್ದ ನಮಗೆ ಅಲ್ಲಿ ಏನೂ ಕಾಣಿಸಲೇ ಇಲ್ಲ. ಆತ ಆ ಭಾಗದ ಹಳ್ಳಿಯವನೇ. ನೆಲ ನೋಡುತ್ತಿದ್ದ. ಅರ್ಧ ತಿಂದ ಹಣ್ಣು ಬಿದ್ದಿದ್ದರೆ ಮೇಲೆ ಕತ್ತೆತ್ತುತ್ತಿದ್ದ. ಒಮ್ಮೆ ಹಾಗೆ ಕತ್ತೆತ್ತಿ ತೋರಿಸಿದಾಗ ಬೆಕ್ಕಿಗಿಂತ ಉದ್ದನೆಯ ಕೆಂಪು ಅಳಿಲೊಂದು ಕೊಂಬೆಗೆ ಮೈ ಚಾಚಿ ಮಲಗಿತ್ತು. ಕೆಂಚಳಿಲು ಎಂದ.

‘ಹುಲಿ ಕಾಣಸ್ತೈತೇನಪ್ಪಾ?’ ಎಂದು ನಮ್ಮಲ್ಲೊಬ್ಬಾಕೆ ಕೇಳಿದಳು. ‘ಇಲ್ಲಿ ಕಾಡು ದಟ್ಟ ಐತ್ರಿ ಅಕ್ಕಾರ. ಹುಲಿ ನಿಮ್ಮನ್ನ ನೋಡಿರ್ತೈತಿ, ನಿಮಗ ಅದು ಕಾಣೂದು ನಿಮ್ಮ ದೈವ’ ಎಂದ. ಆ ಮಾತು ನನಗೆ ಹಿಡಿಸಿತು. ಹುಲಿ ತೋರಿಸಿದರೆ ಹೆಚ್ಚು ಕೊಡುತ್ತೇವೆ ಎಂದು ಆಸೆ ಹಚ್ಚಿದರೆ ಜೀಪುಗಳು ಒಂದರ ಹಿಂದೊಂದು ಓಡಿ ಪ್ರಾಣಿಗೆ ದಿಗಿಲು ಹುಟ್ಟಿಸುತ್ತವೆ. ಖುಷಿಯಿಂದ ಕೊಡುವುದನ್ನು ಕೊನೆಗೆ, ತಾಳ್ಮೆಯಿಂದ ತೋರಿಸಿದ್ದಕ್ಕೆ ಕೊಡಬೇಕು.

ನಾವು ಬಂದದ್ದು ಮಂಗಟ್ಟೆ ಹಕ್ಕಿಗಾಗಿ. ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್ ಎನ್ನುತ್ತಾರೆ. ದಾಂಡೇಲಿಯ ಸುತ್ತ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಊರಿನ ಟಿಂಬರ್ ಡಿಪೋದ ಕಡೆ ಮುಂಜಾನೆ ಹೋದರೆ ಮರಗಳಲ್ಲಿ ಕಾಣಸಿಗುತ್ತವೆ. ಎಲ್ಲಕ್ಕಿಂತ ದೊಡ್ಡದು ತಲೆಯ ಮೇಲೆ ಹಳದಿ ಕಿರೀಟವಿಟ್ಟುಕೊಂಡ ಹಕ್ಕಿ. ಅದು ಹಾರುವಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ಉಸಿರು ಬಿಟ್ಟಂತೆ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ಆರೂ ಜನ ಒಟ್ಟಿಗೆ ಬೆಚ್ಚಿದೆವು.

ಎರಡನೆಯ ದಿನ ಮುಂಜಾನೆ ಆತ ದೂರದಿಂದಲೇ ಒಂದು ಗೂಡು ತೋರಿಸಿದ. ಹತ್ತಿರ ಹೋಗಬಾರದೆಂದು ಮೊದಲೇ ಹೇಳಿದ್ದ. ದುರ್ಬೀನಿನಲ್ಲಿ ಒಬ್ಬೊಬ್ಬರಾಗಿ ನೋಡಿದೆವು. ಎತ್ತರದ ಮರದ ಪೊಟರೆ, ಅದರ ಬಾಯಿ ಮುಚ್ಚಿ ಒಂದು ಸೀಳು ಮಾತ್ರ ಬಿಟ್ಟಿದೆ. ಒಳಗೆ ಹೆಣ್ಣು. ಮೊಟ್ಟೆಯಿಡುವ ಕಾಲಕ್ಕೆ ಒಳಗೆ ಹೋಗಿ, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದಂತೆ. ಎರಡು ಮೂರು ತಿಂಗಳು ಅಲ್ಲೇ ಇದ್ದು, ಹಳೆಯ ಗರಿ ಉದುರಿಸಿ ಹೊಸ ಗರಿ ತಳೆಯುತ್ತದೆ. ಅಷ್ಟೂ ದಿನ ಗಂಡು ಅತ್ತಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು ಸೀಳಿನಲ್ಲಿ ಒಂದೊಂದಾಗಿ ಕೊಡುತ್ತದೆ. ನಾವು ಮುಕ್ಕಾಲು ತಾಸು ಕಾದ ಮೇಲೆ ಆ ಉಗಿಬಂಡಿಯ ಸದ್ದು ಬಂತು. ಗಂಡು ಕೂತಿತು, ಹಣ್ಣು ಕೊಟ್ಟಿತು, ಹೋಯಿತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ನಾದಿನಿ ದುರ್ಬೀನನ್ನು ಇಳಿಸಲೇ ಇಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: ‘ಗಂಡು ಬರದೇ ಹೋದ್ರ?’

ಆತ ಸ್ವಲ್ಪ ತಡೆದು ಹೇಳಿದ: ‘ಗೂಡು ಕೆಡ್ತೈತ್ರಿ ಅಕ್ಕಾರ. ಆಗ ಆಕೀನ ಬಾಗಲಾ ಒಡದು ಹೊರಗ ಬರಬೇಕು. ಮುಚ್ಚಿದಾಕಿನೂ ಆಕಿನ ಅಲ್ರೀ.’

ನಾದಿನಿ ಏನೂ ಅನ್ನಲಿಲ್ಲ. ನಾನೂ ಏನೂ ಕೇಳಲಿಲ್ಲ. ಕೆಲವು ಮಾತಿಗೆ ಉತ್ತರ ಹೇಳಲು ಹೋಗದಿರುವುದೇ ಒಳ್ಳೆಯದು.

ಹೊರಡುವಾಗ ಆಪತ್ತಿನ ಲಕೋಟೆಯನ್ನು ನಾನು ಆಕೆಯ ಕೈಗೆ ಕೊಟ್ಟಿದ್ದೆ. ‘ನನಗ ಲೆಕ್ಕ ತಿಳಿಯಂಗಿಲ್ಲ ವೈನಿ, ನೀವ ಇಟ್ಕೊಳ್ರಿ’ ಎಂದು ಹಿಂದಕ್ಕೆ ತಳ್ಳಿದ್ದಳು. ಆ ದಿನ ರಾತ್ರಿ ತಾನಾಗಿಯೇ ಐದೂ ಲಕೋಟೆಗಳನ್ನು ಕೇಳಿ ತೆಗೆದುಕೊಂಡು, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಪೈಸೆ ಪೈಸೆ ಬರೆದಳು. ಮರುದಿನ ಉಳವಿಯಲ್ಲಿ ಕಾಯಿ, ಕರ್ಪೂರದ ಲೆಕ್ಕವೂ ಆಕೆಯದೇ. ಊರಿಗೆ ಬಂದ ಮೇಲೆ ನೋಡಿದರೆ ಖರ್ಚು 18,750, ಉಳಿದದ್ದು 2,850. ಆಪತ್ತಿನ ಲಕೋಟೆ ಒಡೆದಿರಲಿಲ್ಲ. ಒಬ್ಬೊಬ್ಬರಿಗೆ 475 ರೂಪಾಯಿ ಹಿಂದಕ್ಕೆ ಹಂಚಿದಳು.

ಅತ್ತೆಯವರಿಗೆ ಉಳವಿಯ ಪ್ರಸಾದ ಕೊಟ್ಟೆವು. ಅವರು ಮಗಳ ಮುಖವನ್ನು ನೋಡುತ್ತ, ‘ಕಾಡಿನಾಗ ಏನ್ ನೋಡಿದಿ?’ ಎಂದರು. ಆಕೆ ಒಂದು ತಾಸು ಹೇಳಿದಳು. ಅಷ್ಟು ಮಾತು ಆಕೆಯ ಬಾಯಿಂದ ಬಂದು ಒಂದೂವರೆ ವರ್ಷವಾಗಿತ್ತು. ಮಂದಿ ಮಾತಾಡಲಿಲ್ಲವೇ? ಆಡಿದರು. ‘ಉಳವಿಗೆ ಹೋಗಿದ್ರು’ ಎಂದು ಅತ್ತೆಯವರೇ ಬಾಯಿ ಮುಚ್ಚಿಸಿದರು.

ಏಪ್ರಿಲ್ ತಿಂಗಳಲ್ಲಿ ನಾದಿನಿ ಟ್ರಂಕಿನಿಂದ ಆ ಕಾಗದಗಳನ್ನು ತೆಗೆದು, ನನ್ನನ್ನೂ ಕರೆಯದೆ, ಒಬ್ಬಳೇ ಬ್ಯಾಂಕಿಗೆ ಹೋಗಿ ಬಂದಳು. ಒಂದೇ ಸಲಕ್ಕೆ ಕೆಲಸವಾಗಲಿಲ್ಲ, ನಾಲ್ಕು ಸಲ ಹೋದಳು. ಅದಕ್ಕೆ ಮಂಗಟ್ಟೆಯೇ ಕಾರಣವೆಂದು ನಾನು ಹೇಳಲಾರೆ. ಆಕೆಯೂ ಹೇಳಿಲ್ಲ.

ಹೋಗಬೇಕೆನ್ನುವ ಸೋದರಿಯರು ದೊಡ್ಡ ಮೊತ್ತಕ್ಕಾಗಿ ಕಾಯಬೇಕಿಲ್ಲ. ಐದಾರು ಜನ ಕೂಡಿ, ಆರು ತಿಂಗಳು ಮೊದಲೇ ಎತ್ತಿಡಲು ಶುರುಮಾಡಿ. ರೂಮಿನಲ್ಲಿ ಉಳಿಸಿ, ಕಾಡು ಬಲ್ಲವನಿಗೆ ಕೊಡಿ. ಮತ್ತೆ ಲೆಕ್ಕದ ಪುಸ್ತಕವನ್ನು ನಿಮ್ಮಲ್ಲಿ ಯಾರು ಎಂದೂ ರೊಕ್ಕ ಎಣಿಸಿಲ್ಲವೋ ಅವರ ಕೈಗೆ ಕೊಡಿ.