ಸಡಿಲ ಕಡ್ಡಿಯ ಸದ್ದು

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮೊಮ್ಮಗಳ ಸೈಕಲ್ಲು ಮಾತಾಡಲು ಶುರು ಮಾಡಿತು. ಹಿಂದಿನ ಗಾಲಿ ತಿರುಗಿದಂತೆಲ್ಲ ಟಿಕ್, ಟಿಕ್.

ಸೈಕಲ್ಲು ಅವಳದಲ್ಲ, ಅವಳ ಅಕ್ಕನದು. 2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಆ ಯೋಜನೆಯಲ್ಲಿ 2018ರಲ್ಲಿ ಬಂದದ್ದು. ಅಕ್ಕ ಕಾಲೇಜಿಗೆ ಹೋದಮೇಲೆ ತಂಗಿಯ ಪಾಲಿಗೆ ಬಂತು. ನಮ್ಮ ಅಬಲೂರಿನ ರಸ್ತೆಯ ತಗ್ಗು ದಿನ್ನೆ, ಮೇಲೆ ಕ್ಯಾರಿಯರ್ ಮೇಲೆ ಕೂರುವ ಗೆಳತಿ. ಕಡ್ಡಿ ಸಡಿಲಾಗದೆ ಇನ್ನೇನು?

"ಅಜ್ಜಾ, ಮಿಸ್ತ್ರಿ ಹತ್ರ ಒಯ್ಯೂಣೇನು?" ಎಂದಳು.

"ಇಷ್ಟಕ್ಕ ಮಿಸ್ತ್ರಿ ಯಾಕ? ನಾ ಇಲ್ಲೇನು?" ಎಂದೆ.

ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು ನಾನು. ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಲೆಡ್ಜರ್ ಮುಂದೆ ಕೂತು ಹುಡುಕಿದವನಿಗೆ ನಾಲ್ಕು ಕಡ್ಡಿ ಯಾವ ಲೆಕ್ಕ? ನಮ್ಮಪ್ಪನ ಟ್ರಂಕಿನಲ್ಲಿ ಕಡ್ಡಿ ಬಿಗಿಯುವ ಕೀ ಇತ್ತು. ದುಂಡನೆಯ ಕಬ್ಬಿಣದ ಬಿಲ್ಲೆ, ಸುತ್ತಲೂ ಸಣ್ಣ ದೊಡ್ಡ ಕಚ್ಚುಗಳು. ತಂದೆ, ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ, ಸಡಿಲ ಕಂಡ ಕಡ್ಡಿಗಳನ್ನೆಲ್ಲ ಒಂದೊಂದು ಸುತ್ತು, ಎರಡೆರಡು ಸುತ್ತು ಬಿಗಿದೆ. ಟಿಕ್ ಟಿಕ್ ನಿಂತಿತು. ನನಗೆ ಬಹಳ ಸಂತೋಷವಾಯಿತು.

ಮರುದಿನ ಅವಳಿಗೆ ಗಣಿತದ ಪರೀಕ್ಷೆ. ಸಂಜೆ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಸೊಸೆ ಕೇಳಿದಳು, "ಯಾಕ, ಮುಂಜಾನೆ ತಡ ಆತಂತಲ್ಲ?"

"ಚೈನ್ ಕಳಚಿತ್ತವ್ವಾ," ಅಂದಳು ಹುಡುಗಿ. ನನ್ನ ಮುಖ ನೋಡಲಿಲ್ಲ.

ಆಮೇಲೆ ಗಾಲಿ ಎತ್ತಿ ತಿರುಗಿಸಿ ನೋಡಿದೆ. ಚೈನ್ ಚೆನ್ನಾಗಿಯೇ ಇತ್ತು. ರಿಮ್ಮು ಹಾವಿನ ಹಾಗೆ ಅತ್ತ ಇತ್ತ ಆಡುತ್ತ ಬ್ರೇಕಿನ ರಬ್ಬರಿಗೆ ಉಜ್ಜುತ್ತಿತ್ತು. ನಾನು ಬಿಗಿದ ಒಂದು ಕಡ್ಡಿಯ ತುದಿ ರಿಮ್ಮಿನ ಒಳಗೆ ಮೇಲೆದ್ದು ಟ್ಯೂಬಿಗೆ ಚುಚ್ಚಿ ಗಾಳಿಯೂ ಹೋಗಿತ್ತು. ಅಜ್ಜನ ಮರ್ಯಾದೆ ಉಳಿಸಲು ಮಗು ಸುಳ್ಳು ಹೇಳಿತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಇನ್ನೊಂದಿತ್ತು.

ನಮ್ಮಪ್ಪ ಸೈಕಲ್ ಮೇಲೆ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುತ್ತಿದ್ದರು. ಆಗ ನಮ್ಮದಿನ್ನೂ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ನನಗೆ ಹನ್ನೆರಡು ವರ್ಷವಿದ್ದಾಗ ಇದೇ ಕೀ ತೆಗೆದುಕೊಂಡು, ಅಪ್ಪ ಮಲಗಿದ್ದ ಹೊತ್ತಿನಲ್ಲಿ, ಅವರ ಸೈಕಲ್ಲಿನ ಕಡ್ಡಿಗಳನ್ನು ತಿರುವಿದ್ದೆ. ಆಟಕ್ಕಲ್ಲ, ಸಹಾಯ ಮಾಡೋಣವೆಂದು. ಬೆಳಗ್ಗೆ ಗಾಲಿ ತಿರುಗಲಿಲ್ಲ. ಅಪ್ಪ ಒಂದು ಗಳಿಗೆ ಅದನ್ನೇ ನೋಡಿದರು, ಗಂಟನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಡೆದೇ ಸಂತೆಗೆ ಹೋದರು. ಯಾರು ಮಾಡಿದ್ದೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಬೆಳಿಗ್ಗೆ ಎದ್ದವನೇ ಸೊಸೆಯನ್ನು ಕರೆದು, "ಯವ್ವಾ, ಚೈನ್ ಕಳಚಿದ್ದಿಲ್ಲ. ಗಾಲಿ ಕೆಡಿಸಿದಾಂವ ನಾನು," ಅಂದೆ. ಸೊಸೆ ನಕ್ಕಳು. ಮೊಮ್ಮಗಳು ಮಾತ್ರ ನಗಲಿಲ್ಲ. ಓಡಿ ಹೋಗಿ ಚಪ್ಪಲಿ ಹಾಕಿಕೊಂಡು ಬಂದಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಮಿಸ್ತ್ರಿಯ ಅಂಗಡಿಗೆ ಹೋದೆವು.

ಮಿಸ್ತ್ರಿ ಕಡ್ಡಿಗಳನ್ನು ಬೆರಳಿನಿಂದ ಮೀಟುತ್ತ ಹೋದ. ಬಿಗಿಯಿದ್ದದ್ದು ಟಿಣ್ ಎನ್ನುತ್ತದೆ, ಸಡಿಲಿದ್ದದ್ದು ದಬ್ ಎನ್ನುತ್ತದೆ. "ಬ್ಯಾಂಕಿನ ಅಜ್ಜಾರ, ಅರ್ಧಾ ಬಿಗಿದೀರಿ, ಅರ್ಧಾ ಬಿಚ್ಚೀರಿ," ಎಂದ.

ಅದು ಹೇಗೆಂದರೆ, ಮಕ್ಕಳೇ, ಕಡ್ಡಿಯ ತುದಿಗೆ ರಿಮ್ಮಿನಲ್ಲಿ ನಿಪ್ಪಲ್ ಎಂಬ ಸಣ್ಣ ತಿರುಪು ಇರುತ್ತದೆ. ಟಯರಿನ ಕಡೆಯಿಂದ ನೋಡುತ್ತ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿಯುತ್ತದೆ. ಗಾಲಿಯ ನಡುವಿನ ಕಡೆಯಿಂದ ನೋಡಿದರೆ ಅದೇ ಉಲ್ಟಾ. ನಾನು ಗಾಲಿ ತಿರುಗಿಸದೆ ಕೂತಲ್ಲಿಂದಲೇ ಮೇಲಿನ ಕಡ್ಡಿಗೂ ಕೆಳಗಿನ ಕಡ್ಡಿಗೂ ಕೈಯನ್ನು ಒಂದೇ ದಿಕ್ಕಿಗೆ ಆಡಿಸಿದ್ದೆ. ನೀವು ಹಣ ಕಟ್ಟಿದರೆ ನಿಮ್ಮ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿಗೆ ಡೆಬಿಟ್, ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಕ್ರೆಡಿಟ್. ಬಿ.ಕಾಂ. ಓದಿದ ನನಗೆ ಇದು ಹೊಳೆಯಬೇಕಿತ್ತು!

ಇನ್ನೊಂದು ತಪ್ಪು ದೊಡ್ಡದು. ಕಡ್ಡಿಗಳು ಗಾಲಿಯನ್ನು ಕಂಬದಂತೆ ಹೊರುತ್ತವೆಂದು ಇಷ್ಟು ವರ್ಷ ತಿಳಿದಿದ್ದೆ. ಹಾಗಲ್ಲ, ಅಷ್ಟು ತೆಳ್ಳನೆಯ ಕಡ್ಡಿ ಒತ್ತಿದರೆ ಬಾಗಿಹೋಗುತ್ತದೆ. ಎಲ್ಲವೂ ರಿಮ್ಮನ್ನು ಒಳಗೆ ಎಳೆದುಕೊಂಡಿರುತ್ತವೆ, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ, ಹಗ್ಗ ಜಗ್ಗಾಟದಂತೆ. ಹಳೆಯ ದೊಡ್ಡ ಸೈಕಲ್‌ಗಳಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ. ಒಂದು ಸಡಿಲಾದರೆ ಗಾಲಿ ಎದುರು ಪಕ್ಷದ ಕಡೆಗೆ ವಾಲುತ್ತದೆ, ಅಕ್ಕಪಕ್ಕದ ಕಡ್ಡಿಗಳ ಮೇಲೆ ಭಾರ ಬೀಳುತ್ತದೆ.

ಮಿಸ್ತ್ರಿ ಟಯರ್ ಬಿಚ್ಚಿ, ಮೇಲೆದ್ದ ತುದಿಯನ್ನು ಅರದಿಂದ ಉಜ್ಜಿ, ಟ್ಯೂಬಿಗೆ ಪಂಕ್ಚರ್ ಹಾಕಿದ. ನಿಪ್ಪಲ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟ. ಆಮೇಲೆ ಚೌಕಟ್ಟಿಗೆ ಕೈ ಆನಿಸಿ ಸೀಮೆಸುಣ್ಣ ಹಿಡಿದು ಗಾಲಿ ತಿರುಗಿಸಿದ. ರಿಮ್ಮು ಬಲಕ್ಕೆ ವಾಲಿದಲ್ಲಿ ಬಿಳಿ ಗುರುತು ಬಿತ್ತು. ಅಲ್ಲಿ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿದ, ಬಲಗಡೆಯದನ್ನು ಕಾಲು ಸುತ್ತು ಬಿಟ್ಟ. ಮತ್ತೆ ತಿರುಗಿಸಿ ನೋಡಿದ.

"ಇನ್ನೊಂದೀಟು ಒಮ್ಮೆಲೇ ಬಿಗಿದರ?" ಎಂದು ಕೇಳಿದಳು ಮೊಮ್ಮಗಳು.

"ಅಜ್ಜಾರನ್ನ ಕೇಳವಾ," ಎಂದ ಮಿಸ್ತ್ರಿ. ಈಗ ಅವಳು ನಕ್ಕಳು.

ಅರ್ಧ ತಾಸು ಹಿಡಿಯಿತು. ಕೊನೆಯ ನಾಲ್ಕು ಕಡ್ಡಿಗಳನ್ನು ಅವಳ ಕೈಯಿಂದಲೇ ತಿರುಗಿಸಿಸಿದ. ದಾರಿಯಲ್ಲಿ ಬರುತ್ತ ನಮ್ಮಪ್ಪ ಬಟ್ಟೆಯ ಗಂಟು ಹೊತ್ತು ನಡೆದ ಕಥೆಯನ್ನು ಅವಳಿಗೆ ಹೇಳಿದೆ. ಅರವತ್ತು ವರ್ಷದಲ್ಲಿ ಯಾರಿಗಾದರೂ ಹೇಳಿದ್ದು ಅದೇ ಮೊದಲು. ಸೋಮೇಶ್ವರ ಗುಡಿಯ ಹತ್ತಿರ ಬರುವವರೆಗೂ ಏನೂ ಅನ್ನಲಿಲ್ಲ. ಆಮೇಲೆ, "ನಿಮ್ಮಪ್ಪಗ ಗೊತ್ತಿತ್ತು ಬಿಡಜ್ಜಾ," ಎಂದಳು.

ಆ ಕೀ ಈಗ ಟ್ರಂಕಿನಲ್ಲಿಲ್ಲ. ಅವಳ ಕಂಪಾಸ್ ಬಾಕ್ಸಿನಲ್ಲಿದೆ.