ನೋವಿಲ್ಲದ ಗಾಯ

ಬರಗೂರಿನ ಆ ತಾತ ಕಡಲೆಕಾಯಿ ಹೊಲದಲ್ಲಿ ಬರಿಗಾಲಲ್ಲೇ ಮುದುಕರಾದವರು. ಚಪ್ಪಲಿ ಏನಿದ್ದರೂ ಶಿರಾ ಪೇಟೆಗೆ ಹೊರಟಾಗ ಮಾತ್ರ. ಒಂದು ಸಂಜೆ ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಗ, ಪಿಯುಸಿ ಓದುವ ಮೊಮ್ಮಗಳ ಕಣ್ಣಿಗೆ ಕಿರುಬೆರಳ ಬುಡದಲ್ಲಿ ಮುರಿದು ಕೂತ ಜಾಲಿಮುಳ್ಳು ಬಿತ್ತು. ಸುತ್ತ ಕೀವು ಕಟ್ಟಿತ್ತು.

“ತಾತ, ಇದು ನೋಯ್ತಿಲ್ವಾ?”

“ಏನೂ ಇಲ್ಲ ಕಣವ್ವ. ನೋವೇ ಇಲ್ಲ ಅಂದ್ಮೇಲೆ ಅದೆಂಥ ಗಾಯ?”

ಅಪಾಯವಿದ್ದದ್ದು ಆ ಮಾತಿನಲ್ಲೇ. ತಾತನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಬೀಡಿಯನ್ನು ಮಾತ್ರ ಎಂದೂ ಮರೆತವರಲ್ಲ.

ಮರುದಿನ ತುಮಕೂರಿನ ವೈದ್ಯರು ಗಾಯ ತೊಳೆದು ಕಟ್ಟಿ, ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಬಹಳ ಕ್ಷೀಣವಾಗಿತ್ತು. ಆಮೇಲೆ ತೋಳಿನ ರಕ್ತದೊತ್ತಡವನ್ನೂ ಕಣಕಾಲಿನದನ್ನೂ ಅಳೆದರು. ಕಣಕಾಲಿನ ಒತ್ತಡ ತೋಳಿನದರ 0.9 ಪಾಲಿಗಿಂತ ಕಡಿಮೆಯಿದ್ದರೆ ಕಾಲಿನ ಅಪಧಮನಿ ಕಿರಿದಾಗಿದೆ ಎಂದರ್ಥ. ತಾತನದು 0.6.

“ನಿಮ್ಮ ತೋಟದ ಡ್ರಿಪ್ ಪೈಪು ಬೋರ್‌ವೆಲ್ ನೀರಿನ ಉಪ್ಪಿಗೆ ಕಟ್ಟಿಕೊಳ್ಳುತ್ತಲ್ಲ ಯಜಮಾನರೇ, ಇದೂ ಹಾಗೇ” ಎಂದರು ವೈದ್ಯರು. ಹೊರಗಿನಿಂದ ಪೈಪು ಚೆನ್ನಾಗಿಯೇ ಕಾಣುತ್ತದೆ. ಕೊನೆಯ ಗಿಡ ಒಣಗಿದಾಗಲೇ ಸಂಗತಿ ಗೊತ್ತಾಗುವುದು. ದೇಹದಲ್ಲಿ ಆ ಕೊನೆಯ ಗಿಡವೇ ಪಾದ.

ಆದರೆ ಅಪಧಮನಿ ಜೀವವಿಲ್ಲದ ಪೈಪಲ್ಲ. ಅದರ ಒಳಪದರದ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲವಾಗಿಡುತ್ತವೆ. ಈ ಗುಟ್ಟನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಈ ಪದರ ಸೊರಗುತ್ತದೆ. ಗೋಡೆಯೊಳಗೆ ಕೊಬ್ಬು ಸೇರಿ, ನಾಳ ಗಡುಸಾಗಿ ಕಿರಿದಾಗುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಪಾರ್ಶ್ವವಾಯು, ಕಾಲಿನಲ್ಲಾದರೆ ಮಾಯದ ಗಾಯ. ಅದೇ ಸಕ್ಕರೆ ನರಗಳನ್ನೂ ಕೆಡಿಸುವುದರಿಂದ ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದೇ ಇಲ್ಲ. ಅದರ ಮೇಲೆ ಬೀಡಿ ಎಂದರೆ ಉರಿಯುವ ಬೆಂಕಿಗೆ ತುಪ್ಪ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅವರಲ್ಲಿ ತಮ್ಮ ಅಂಗಾಲನ್ನು ದಿನವೂ ನೋಡಿಕೊಳ್ಳುವವರು ಎಷ್ಟು ಮಂದಿ?

ತಾತನ ಕಿರುಬೆರಳು ಹೋಯಿತು, ಕಾಲು ಉಳಿಯಿತು. ಬೀಡಿ ಕಟ್ಟು ಒಲೆ ಸೇರಿತು. “ಮುದ್ದೆಗೆ ಸಕ್ಕರೆ ಏರಲ್ಲ” ಎಂಬ ಅವರ ನಂಬಿಕೆಯೂ ಹೋಯಿತು; ರಾಗಿಯಲ್ಲಿರುವ ಪಿಷ್ಟವೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಈಗ ಎರಡು ಮುದ್ದೆಯ ಜಾಗದಲ್ಲಿ ಒಂದು, ಜೊತೆಗೆ ಸೊಪ್ಪು ಜಾಸ್ತಿ. ಹೊಲಕ್ಕೂ ಚಪ್ಪಲಿ ಬಂದಿದೆ.

ರಾತ್ರಿ ಊಟವಾದ ಮೇಲೆ ಮೊಮ್ಮಗಳು ಟಾರ್ಚು ಹಿಡಿದು ಬರುತ್ತಾಳೆ.

“ತಾತ, ಕಾಲು ತೋರ್ಸು.”

ಅಂಗಾಲು, ಹಿಮ್ಮಡಿ, ಬೆರಳ ಸಂದು, ಒಂದೂ ಬಿಡದೆ ನೋಡುತ್ತಾಳೆ. ತಾತ ನಗುತ್ತಾ ಕೇಳುತ್ತಾರೆ:

“ಇವತ್ತು ಪಾಸೋ ಫೇಲೋ, ತಾಯಿ?”