ಭೂಪಟದ ಒಂದು ಚುಕ್ಕೆ

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಪ್ರಸಾದನಿಲಯದ ಬಾಲಕನೊಬ್ಬನು ಭೂಪಟವನ್ನು ತಂದು, ಪೆಸಿಫಿಕ್ ಮಹಾಸಾಗರದ ನಡುವಣ ಚುಕ್ಕೆಯೊಂದನ್ನು ತೋರಿಸಿ, "ಬುದ್ಧೀ, ಈ ನೌರು ಎಂಥ ದೇಶ?" ಎಂದು ಕೇಳಿದನು. ಕಾಶಿಯಲ್ಲಿ ಶಾಸ್ತ್ರವನ್ನೂ ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನೂ ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇವೆ" ಎಂದು ಕಳುಹಿಸಿ, ಆ ರಾತ್ರಿ ಗ್ರಂಥಗಳನ್ನು ತಿರುವಿದೆವು.

ನೌರು 1968ರಲ್ಲಿ ಸ್ವತಂತ್ರವಾದ ಗಣರಾಜ್ಯ. ವಿಸ್ತಾರ 21 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 12,000. ನದಿಯಿಲ್ಲದ ಆ ದ್ವೀಪದ ಒಡಲಲ್ಲಿ ಫಾಸ್ಫೇಟ್ ತುಂಬಿತ್ತು. ಪರದೇಶದವರು ದಶಕಗಳ ಕಾಲ ಅದನ್ನು ಅಗೆದು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಹೊಲಗಳಿಗೆ ಗೊಬ್ಬರವಾಗಿ ಒಯ್ದರು. ಸ್ವಾತಂತ್ರ್ಯಾನಂತರ ದ್ವೀಪದವರೇ ಅಗೆದು ಮಾರಿದರು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಅದು ಜಗತ್ತಿನ ಅತಿ ಶ್ರೀಮಂತ ರಾಷ್ಟ್ರಗಳಲ್ಲೊಂದಾಗಿತ್ತು. ಮುಂದಿನ ಪೀಳಿಗೆಗೆಂದು ಕೂಡಿಟ್ಟ ನಿಧಿಯು ದುಂದುವೆಚ್ಚದಲ್ಲಿಯೂ ತಪ್ಪು ಹೂಡಿಕೆಯಲ್ಲಿಯೂ ಕರಗಿತು. ಈ ಶತಮಾನದ ಆರಂಭಕ್ಕೆ ನಿಕ್ಷೇಪವೂ ಬಹುಪಾಲು ಬರಿದಾಯಿತು. ದ್ವೀಪದ ಐದರಲ್ಲಿ ನಾಲ್ಕು ಪಾಲು ನೆಲ ಚೂಪಾದ ಸುಣ್ಣಕಲ್ಲಿನ ಬಂಜರಾಯಿತು. ಜನರಿಗೆ ಉಳಿದದ್ದು ಕಡಲಂಚಿನ ಕಿರಿದಾದ ಪಟ್ಟಿ.

ಮರುದಿನ ಇದನ್ನೆಲ್ಲ ಕೇಳಿದ ಬಾಲಕನು, "ಸ್ವಲ್ಪವಾದರೂ ಬಿಡಬಾರದಾಗಿತ್ತೇ, ಬುದ್ಧೀ?" ಎಂದನು.

ಆ ಪ್ರಶ್ನೆ ನಮ್ಮನ್ನೇ ತಾಗಿತು. ಶ್ರೀಮಠದ ಹಿಂದಣ ಗುಡ್ಡವನ್ನು ಕಲ್ಲುಗಣಿಗೆ ಗುತ್ತಿಗೆ ಕೊಡಿರೆಂದು ಬಂದಿದ್ದ ಪತ್ರವು ತಿಂಗಳಿಂದ ನಮ್ಮ ಮುಂದಿತ್ತು. ನಿಲಯದ ಹೊಸ ಕಟ್ಟಡಕ್ಕೆ ಹಣ ಬೇಕಾಗಿತ್ತು. ಮನಸ್ಸು ಅತ್ತ ವಾಲಿತ್ತು ಎಂಬುದನ್ನು ಮುಚ್ಚಿಡಲಾರೆವು. ಆದರೆ ದಾಸೋಹಿಗೆ ಸಂಪತ್ತು ಸ್ವಂತದ್ದಲ್ಲ. ಇನ್ನೂ ಹುಟ್ಟದವರಿಗೂ ಅದರಲ್ಲಿ ಪಾಲುಂಟು.

ಗುಡ್ಡವನ್ನು ಕೊಡಲಾಗದೆಂದು ಅಂದೇ ಉತ್ತರ ಬರೆಯಿಸಿದೆವು. ಕಟ್ಟಡ ತಡವಾಗಿಯೇ ಆಗಲಿ.